ಮೆಗಾಬ್ಲಾಕಿನ ದಿನ ಕೂಡಿಸಿದ ಪೈಪು

ನಾನು ನಿಂತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಚೌಕಟ್ಟಿಗೆ ಬಲಭುಜ ಆನಿಸಿ, ಕೈಯಲ್ಲಿ ಚಹಾದ ಲೋಟ ಹಿಡಿದು. ಠಾಣೆಯ ಕೋಪರಿಯಲ್ಲಿ, ರೈಲು ಹಳಿಗೆ ಬೆನ್ನು ಹಾಕಿ ನಿಂತ ಕಟ್ಟಡದ ಎರಡನೇ ಮಹಡಿ, ಅಣ್ಣನ ಮನೆ. 2009ರ ಮಳೆಗಾಲ ಆಗಷ್ಟೇ ಮುಗಿದಿತ್ತು. ಭಾನುವಾರ, ಸಂಜೆ ನಾಲ್ಕು ದಾಟಿತ್ತು. ಮೀನಿನ ತೊಟ್ಟಿಯನ್ನು ಕೆಲಸಕ್ಕಾಗಿ ಗೋಡೆಯಿಂದ ಈಚೆ ಎಳೆದಿದ್ದರಿಂದ ಅದರ ಹಿಂಬದಿಯ ಗಾಜು ನನಗೆ ಪೂರ್ತಿ ಕಾಣುತ್ತಿತ್ತು. ಕಂಡಷ್ಟನ್ನೇ ಬರೆಯುತ್ತೇನೆ.

ಅಣ್ಣ ವರ್ತಕ ನಗರದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ದಿನವಿಡೀ ಗಲ್ಲಾದ ಪಕ್ಕ ನಿಂತೇ ಇರುವವನು. ಮನೆಗೆ ಬಂದರೆ ಆ ನಾಲ್ಕಡಿ ತೊಟ್ಟಿಯ ಮುಂದೆ ಸ್ಟೂಲು ಎಳೆದು ಕೂರುತ್ತಿದ್ದ. ಅವನು ಸುಮ್ಮನೆ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮಳೆಗಾಲಕ್ಕೆ ಮೊದಲು ಹಳೆಯ ಪೈಪು ಕಳಚಿ, ನೀರು ಕೆಳಗಿನ ಮನೆಯ ಸೀಲಿಂಗಿಗೆ ಇಳಿದಿತ್ತು. ಅಲ್ಲಿದ್ದ ಮರಾಠಿ ಹೆಂಗಸನ್ನು ನಾವೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರು ಕಟ್ಟಡದ ಸೊಸೈಟಿಗೆ ದೂರು ಕೊಟ್ಟರು. ಅತ್ತಿಗೆ ಅಂದೇ ಹೇಳಿದ್ದಳು:

"ಇನ್ನೊಂದು ಸಲ ಕೆಳಗೆ ನೀರು ಇಳಿದ್ರೆ ತೊಟ್ಟಿ ಮನೆಯಿಂದ ಹೊರಗೆ. ಸಾರಿಗೂ ಆಗದ ಮೀನಿಗೆ ಇಷ್ಟು ಸೇವೆ ಎಂತಕ್ಕೆ?"

ತೊಟ್ಟಿಯ ನೀರು ಹಿಂದಿನ ಗಾಜಿನ ತೂತಿನಿಂದ ಪೈಪಿನಲ್ಲಿ ಕೆಳಗಿನ ಸಣ್ಣ ತೊಟ್ಟಿಗೆ ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರಬೇಕು. ಇಳಿಯುವ ಪೈಪು ಗಟ್ಟಿಯದಿರಲೋ ಬಳುಕುವುದಿರಲೋ ಎಂಬುದು ಅಂದಿನ ಜಗಳ. ಎದುರಾಳಿ ಅಣ್ಣನ ಗೆಳೆಯರೊಬ್ಬರು; ಧಾರವಾಡದ ಕಡೆಯವರು, ಮಹಾಪೆಯ ಒಂದು ಕಾರ್ಖಾನೆಯಲ್ಲಿ ನೌಕರಿ. ಡೊಂಬಿವಲಿಯಿಂದ ಬೆಳಿಗ್ಗೆಯೇ ಬಂದಿದ್ದರು.

"ಮ್ಯಾನೇಜರ್ ಸಾಹೇಬ್ರ, ಬಳುಕೋ ಪೈಪ ಹಾಕ್ರಿ. ನಿಮ್ಮ ಮನಿ ರೈಲಿನ ಜೋಡಿ ಕುಣೀತದ. ಪೈಪೂ ಕುಣೀಬೇಕಲ್ರಿ."

"ಕುಣಿದೇ ಅಲ್ವಾ ಮಾರಾಯ್ರೇ ಹೋದ ಸಲ ಕಳಚಿದ್ದು? ಗಟ್ಟಿ ಪೈಪಿಗೆ ಸೊಲ್ಯೂಷನ್ ಹಚ್ಚಿ ಕೂರಿಸಿದ್ರೆ ಜಾರ್ಲಿಕ್ಕೆ ಉಂಟಾ? ನಮ್ಮ ಹೋಟ್ಲಲ್ಲಿ ಎಲ್ಲ ಅದೇ."

"ಹೋಟೆಲ್ ಗ್ವಾಡಿ ಇಟ್ಟಂಗೀದು. ಇದು ಗಾಜು. ಹೋದ ಸಲ ನೀವು ಬಿಗಿಯೋ ಕ್ಲಿಪ್ಪೇ ಹಾಕಿರಲಿಲ್ಲ, ಪೈಪಿಂದೇನ್ರಿ ತಪ್ಪು?"

"ಮೊದಲು ನಿಮ್ಮಿಬ್ಬರ ಬಾಯಿಗೆ ಮುಚ್ಚಳ ಹಾಕಿ," ಎಂದಳು ಅತ್ತಿಗೆ ಒಳಗಿನಿಂದ.

ಮನೆ ಅಣ್ಣನದು, ಅವನ ಮಾತೇ ನಡೆಯಿತು. ಕತ್ತರಿಸಿದ ಪೈಪು ಒಂದು ಬೆರಳಿನಷ್ಟು ಗಿಡ್ಡವಾಯಿತು. ಭಾನುವಾರ, ಬೇರೆ ತರಲು ಪೈಪಿನ ಅಂಗಡಿ ಮುಚ್ಚಿತ್ತು. ಅಣ್ಣ ಪೈಪನ್ನು ಎಡಕ್ಕೆ ಜಗ್ಗಿ ಗಾಜಿನ ತೂತಿಗೆ ಸಿಕ್ಕಿಸಿದ್ದ ಮೂಲೆಯ ತುಂಡಿಗೆ ಕೂಡಿಸಿ, ಸೊಲ್ಯೂಷನ್ ಒಣಗುವವರೆಗೆ ಹಿಡಿದುಕೊಂಡ. "ಜಗ್ಗಬ್ಯಾಡ್ರಿ," ಎಂದು ಗೆಳೆಯರು ಹೇಳಿದ್ದನ್ನು ನಾನು ಕೇಳಿದ್ದೇನೆ.

ನೀರು ತುಂಬಿಸಿ ಮಧ್ಯಾಹ್ನವೆಲ್ಲ ಕಾದೆವು. ಒಂದು ಹನಿಯೂ ಸೋರಲಿಲ್ಲ. ಮೀನುಗಳನ್ನೂ ಮತ್ತೆ ಬಿಟ್ಟಾಯಿತು. ಅಣ್ಣ ಗೆದ್ದ ಮುಖ ಮಾಡಿಕೊಂಡು ಓಡಾಡಿದ. ಅಂದು ಮೆಗಾಬ್ಲಾಕ್, ದುರಸ್ತಿಗಾಗಿ ನಮ್ಮ ಬದಿಯ ಹಳಿಯಲ್ಲಿ ಗಾಡಿಗಳೇ ಇರಲಿಲ್ಲ. ಮನೆ ಅಷ್ಟು ನಿಶ್ಚಲವಾಗಿದ್ದದ್ದು ಅದಕ್ಕೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಬ್ಲಾಕ್ ಮುಗಿದು ಮೊದಲ ಗಾಡಿ ಬಂತು. ನನ್ನ ಲೋಟದ ಚಹಾ ನಡುಗಿತು. ಆಮೇಲೆ ಬಳೆ ಒಡೆದಷ್ಟೇ ಒಂದು ಸದ್ದು. ತೂತಿನ ಅಂಚಿನಿಂದ ಕೆಳಗಿನ ಮೂಲೆಯವರೆಗೆ ಬಿಳಿಯ ಗೆರೆ ಹರಿಯಿತು. ಗಾಡಿಯಿಂದಲೇ ಒಡೆಯಿತೆಂದು ಪ್ರಮಾಣ ಮಾಡಲಾರೆ. ಗಾಜೇ ಕಳಪೆಯದು ಎಂದು ಅಣ್ಣ ಕೊನೆಯವರೆಗೂ ಹೇಳುತ್ತಿದ್ದ. ಗೆರೆ ಹುಟ್ಟಿದ್ದು ಪೈಪು ಜಗ್ಗಿದ ಕಡೆಯಿಂದ. ಅಷ್ಟನ್ನು ನಾನು ಕಂಡೆ.

ಅಣ್ಣ ಓಡಿಹೋಗಿ ಎರಡೂ ಅಂಗೈಗಳಿಂದ, ಎದೆಯಿಂದ, ಗಾಜನ್ನು ಒತ್ತಿ ಹಿಡಿದ. ಅತ್ತಿಗೆ ಮೇನ್ ಸ್ವಿಚ್ಚು ಆರಿಸಿ, ಬಂದು, ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದಳು. ಮರುಕ್ಷಣವೇ ಗಾಜಿನ ಉದ್ದನೆಯ ಚೂರೊಂದು ಕಳಚಿ ಅವನು ನಿಂತಿದ್ದ ಜಾಗಕ್ಕೆ ಬಿತ್ತು. ಇಂದಿಗೂ ನಾನು ಹೋಟೆಲಿನಲ್ಲಿ ಗಾಜಿಗೆ ಬೆನ್ನು ಕೊಟ್ಟು ಕೂರಲಾರೆ.

ಉಳಿದ ನೀರಿನಲ್ಲಿದ್ದ ಮೀನುಗಳನ್ನು ಅತ್ತಿಗೆ ಇಡ್ಲಿ ಪಾತ್ರೆಗೆ ತುಂಬಿ ಮುಚ್ಚಳ ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕಾಕು.

"ವಹಿನೀ, ಪುನ್ಹಾ ಪಾಣೀ!" ಅತ್ತಿಗೇ, ಮತ್ತೆ ನೀರು, ಎಂದು.

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, ನಾಚಿದವಳಂತೆ ನಕ್ಕಳು. "ಬಾದ್ಲೀ ಸಾಂಡ್ಲೀ, ಕಾಕೂ." ಬಾಲ್ದಿ ಮಗುಚಿತು ಎಂದು.

ಅವಳ ಹಿಂದೆ ಪಾತ್ರೆಯ ಮುಚ್ಚಳ ಟಣ್ಣೆಂದು ಎಗರಿತು.

ಕಾಕು ಪಾತ್ರೆ ನೋಡಿದರು, ಗಾಜು ನೋಡಿದರು, ರಕ್ತ ಸುರಿಯುತ್ತಿದ್ದ ಅಣ್ಣನ ಅಂಗೈ ನೋಡಿದರು. "ಇಡ್ಲೀ ಉಡ್ಯಾ ಮಾರ್ತೇ ಕಾ?" ಎಂದರು, ಇಡ್ಲಿ ಕುಪ್ಪಳಿಸುತ್ತದೋ ಎಂದು. ಆಮೇಲೆ ಕೆಳಗಿಳಿದು ಹೋಗಿ, ಹಳೆಯ ಸೀರೆಗಳನ್ನು ತಂದು ನಮ್ಮೊಂದಿಗೆ ನೆಲ ಒರೆಸಿದರು. ಸೊಸೈಟಿಗೆ ಅವರು ಹೇಳಿದ್ದೂ ಬಾಲ್ದಿಯ ಕಥೆಯನ್ನೇ.

"ನಾಳೆ ಇದನ್ನು ಗುಜರಿಗೆ ಹಾಕ್ತೇನೆ," ಎಂದ ಅಣ್ಣ, ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ.

"ಹಾಕಿ. ಹೊಸದು ತನ್ನಿ," ಎಂದಳು ಅತ್ತಿಗೆ. "ಪೈಪು ಮಾತ್ರ ಇವರು ಹೇಳಿದ್ದು. ತೊಟ್ಟಿ ಇಲ್ದಿದ್ರೆ ನೀವು ಎಲ್ಲಿ ಕೂತುಕೊಳ್ಳುದು?"

ಕಲ್ಯಾಣದಿಂದ ಹೊಸ ತೊಟ್ಟಿ ಬಂತು. ಬಳುಕುವ ಪೈಪು, ಎರಡೂ ತುದಿಗೆ ಕ್ಲಿಪ್ಪು. ಅದಕ್ಕೂ ಕಾವಲು ಬೇಕಿತ್ತು. ಕ್ಲಿಪ್ಪಿನ ಸ್ಕ್ರೂ ಸಡಿಲವಾಗುತ್ತಿತ್ತು, ಅಣ್ಣ ಆಗಾಗ ಬಿಗಿ ಮಾಡುತ್ತಿದ್ದ. ತೀರಿಕೊಳ್ಳುವವರೆಗೂ ಅದರ ಮುಂದೆ ಕೂತ.

ನಾನು ಬರೆದದ್ದರಲ್ಲಿ ತಪ್ಪಿದ್ದರೆ ಹೇಳಬಲ್ಲವರು ಮೂವರಿದ್ದಾರೆ. ಅತ್ತಿಗೆ, ಈಗ ಮಗಳ ಜೊತೆ ಕಲ್ಯಾಣದಲ್ಲಿ. ಧಾರವಾಡದ ಗೆಳೆಯರು, ನಿವೃತ್ತರಾಗಿ ಡೊಂಬಿವಲಿಯಲ್ಲೇ. ಮತ್ತು ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಕಾಕು. ಕಾಕು ಕಂಡದ್ದು ಬಾಗಿಲಿನಿಂದ, ಗಾಜು ಒಡೆದ ನಂತರದ್ದನ್ನು ಮಾತ್ರ.