ಹದಿನೇಳನೇ ತಪ್ಪಿಗೆ ಹೆಸರಿಲ್ಲ

"ಈ ಒಲೆ ಮೂರು ಚಳಿಗಾಲದಿಂದ ಯಾಕೆ ಬರ್ತಿಲ್ಲ ಗೊತ್ತೇನ್ರಪ್ಪಾ? ಇಗೋ, ಇಲ್ಲೇ ನಿಂತಿದಾನಲ್ಲ, ಇವನಿಗೆ ಬೆಂಕಿ ಹಚ್ಚೋಕೇ ಬರಲ್ಲ. ಕ್ಲಾಸಲ್ಲೂ ಹೀಗೇ ಇದ್ದ. ಎಲ್ಲರೂ ಲೆಕ್ಕ ಮುಗಿಸಿ ಆಟಕ್ಕೆ ಹೋದ ಮೇಲೂ ಇವನು ಮೊದಲನೇ ಸಾಲು ಅಳಿಸಿ ಬರೀತಾ ಕೂತಿರ್ತಿದ್ದ."

ನಿವೃತ್ತ ಮೇಷ್ಟ್ರು ಸ್ಟೈನಾರ್ ಹೌಗ್ಲಾನ್ ಹೀಗಂದದ್ದು ಕಳೆದ ಶನಿವಾರ, ನಮ್ಮ ಹೋಲ್ಮ್‌ಡಾಲ್ ಕಣಿವೆಯ ಸೌದೆ ಸಂತೆಯಲ್ಲಿ, ಎಂಬತ್ತು ಜನರ ಎದುರಿಗೆ. ಕೈಯಲ್ಲಿ ವಾಫಲ್, ಕಾಫಿ ಹಿಡಿದಿದ್ದ ಎಂಬತ್ತೂ ಜನ ನಕ್ಕರು. ಮನೆ ಬೆಚ್ಚಗಿಡಲು ಎಲ್ಲರೂ ಕಾಯುತ್ತಿರುವ ಹೊಸ ಹೈಬ್ರಿಡ್ ಒಲೆ ಜನವರಿಗೆ ಮುಂಚೆ ಬರುವುದಿಲ್ಲ ಎಂದು ಕಾರ್ಖಾನೆ ಅವತ್ತೇ ಬೆಳಗ್ಗೆ ಹೇಳಿತ್ತು. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಸಿಕ್ಕಿದ್ದು ಐಲಿಫ್ ಸ್ಟುಬರೂಡ್, ವಯಸ್ಸು ಐವತ್ತೊಂಬತ್ತು, ಅದೇ ಕಾರ್ಖಾನೆಯಲ್ಲಿ ಒಲೆ ಉರಿಸಿ ನೋಡುವವರು.

ಅವರು ಏನು ಉತ್ತರ ಕೊಟ್ಟರು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಆ ಎಂಬತ್ತು ಜನರಲ್ಲಿ ಒಬ್ಬರೂ ನೋಡದ ಅವರ ಕೆಲಸವನ್ನು ಮೊದಲು ನೋಡೋಣ.

ಸೋಮವಾರ, ಬೆಳಗಿನ ಐದು ಗಂಟೆ. ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ, ಹುಲ್ಲಿನ ಮೇಲೆ ಆಗಲೇ ಬಿಳಿ ಇಬ್ಬನಿ ಗಟ್ಟಿಯಾಗಿದೆ. ಎರಕದ ಮನೆಯ ಹಿಂದೆ, ಹೊಳೆಯ ದಡದಲ್ಲಿ ತಗಡಿನ ಒಂದು ಶೆಡ್ಡು. ಒಳಗೆ ಒಲೆಯ ಮುಂದೆ ಐಲಿಫ್ ಕನ್ನಡಕ ತೆಗೆದಿಡುತ್ತಾರೆ. ಬಲಗೈಗೆ ದಪ್ಪ ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತಾರೆ. ಇಡೀ ರಾತ್ರಿ ಹೊರಗೆ ನೆನೆದ ಬರ್ಚ್ ಮರದ ಸೌದೆಯನ್ನು ಬೇಕಂತಲೇ ಆರಿಸಿಕೊಳ್ಳುತ್ತಾರೆ.

"ಈಗ ನಾನು ಎಂಬತ್ತೆರಡು ವರ್ಷದ ಮುದುಕಿ," ಅನ್ನುತ್ತಾರೆ. "ಮಂಡಿ ನೋವು. ರಾತ್ರಿ ನಿದ್ದೆ ಬಂದಿಲ್ಲ. ಇನ್ನೂ ಕಾಫಿ ಆಗಿಲ್ಲ. ಒಲೆ ಜೊತೆ ಬಂದ ಪುಸ್ತಕ ಎಲ್ಲಿಟ್ಟಿದೀನೋ ಗೊತ್ತಿಲ್ಲ."

ಆಮೇಲೆ ಆ ಮುದುಕಿ ಹೇಗೆ ಹಚ್ಚುತ್ತಾಳೋ ಹಾಗೆ ಹಚ್ಚುತ್ತಾರೆ. ಹಾಲಿನ ಡಬ್ಬದ ರಟ್ಟು ಕೆಳಗೆ, ಚಕ್ಕೆ ಅಡ್ಡಾದಿಡ್ಡಿ, ಮೇಲೆ ಒದ್ದೆ ಸೌದೆ. ಹೊಗೆ ಏಳುತ್ತದೆ. ಐಲಿಫ್ ಕೆಮ್ಮುತ್ತಾರೆ, ಗಡಿಯಾರ ನೋಡುತ್ತಾರೆ, ಕಾರ್ಖಾನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಈ ಮಾದರಿಯನ್ನು ಹಚ್ಚಿದ್ದು ಇದು ಸಾವಿರದ ನಾನೂರ ಹದಿಮೂರನೇ ಸಲ.

ಅವರ ಕೆಲಸ ಇಷ್ಟೇ: ತಪ್ಪು ಮಾಡುವುದು. ಸರಿಯಾಗಿ ಉರಿಸುವವರು ಬೇರೆ ಇದ್ದಾರೆ. ಮೇಲಿನ ಕಟ್ಟಡದಲ್ಲಿ ಇಂಜಿನಿಯರುಗಳು ಒಂದೇ ಅಳತೆಗೆ ಕೊಯ್ದ ಮರದ ತುಂಡುಗಳನ್ನು ತೂಗಿ, ತೇವ ಅಳೆದು, ಗಾಜಿನ ಆಚೆ ನಿಂತು ಉರಿಸುತ್ತಾರೆ. ಅಲ್ಲಿ ಈ ಒಲೆ ಮೊದಲನೇ ದಿನವೇ ಪಾಸಾಗಿದೆ. ಅಷ್ಟು ನೀಟಾಗಿ ಒಲೆ ಉರಿಸುವ ಒಂದು ಮನೆಯನ್ನು ಈ ಕಣಿವೆಯಲ್ಲಿ ಯಾರಾದರೂ ತೋರಿಸಲಿ, ನಾನು ಅವರ ಒಲೆಯ ಬೂದಿ ಹೊರುತ್ತೇನೆ.

ನಾನು ಅದೇ ಕಾರ್ಖಾನೆಯಲ್ಲಿ ಎರಕ ಹೊಯ್ಯುವವನು. ನಾವು ಹೊಯ್ದದ್ದನ್ನು ಐಲಿಫ್ ಉರಿಸುತ್ತಾರೆ, ಹದಿನೆಂಟು ವರ್ಷದಿಂದ. ದಿನಕ್ಕೆ ಆರು ಸಲ ಹಚ್ಚುವುದು, ಆರು ಸಲ ಆರಿಸುವುದು. ಚರ್ಮದಿಂದ ಹೊಗೆ ವಾಸನೆ ಹೋಗುವುದಿಲ್ಲ. ಚರ್ಚಿನಲ್ಲಿ ಅವರ ಪಕ್ಕದ ಜಾಗ ಖಾಲಿ ಇರುತ್ತದೆ.

ಜೇಬಿನಲ್ಲಿ ಒಂದು ನೋಟ್‌ಬುಕ್ ಇದೆ. ಮಸಿ ಹತ್ತಿದ ಅದರ ಹಾಳೆಗಳಲ್ಲಿ ನಲವತ್ತೊಂದು ತಪ್ಪುಗಳ ಪಟ್ಟಿ. ಪ್ರತಿ ತಪ್ಪಿಗೂ ಊರಿನ ಯಾರದಾದರೂ ಹೆಸರು. ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಇಣುಕುವುದು ಪಾದ್ರಿಯ ತಪ್ಪು. ಬಾಯಿವರೆಗೂ ಸೌದೆ ತುರುಕುವುದು ಪಟ್ಟಣದಿಂದ ಬರುವ ಅಳಿಯಂದಿರ ತಪ್ಪು. ಬೂದಿ ತೆಗೆಯದೆ ವಾರಗಟ್ಟಲೆ ಬಿಡುವುದು ಐಲಿಫ್ ಅವರ ಅಣ್ಣನದು. ಪುಸ್ತಕ ಓದದೆ 'ಇದೆಲ್ಲ ನನಗೆ ಗೊತ್ತು' ಅಂತ ಶುರು ಮಾಡುವುದು ಯಾರದು ಅಂತ ಹೇಳಬೇಕಾಗಿಲ್ಲ.

"ಮೇಷ್ಟ್ರನ್ನ ಬೈಬೇಡ," ಅಂತಾರೆ ಐಲಿಫ್ ನನಗೆ. "ಅವರ ಮನೆಗೆ ಹೋಗಿದೀಯಾ?"

ಹೋಗಿದ್ದೆ. ನಡುಮನೆಯ ಮೂಲೆಯಲ್ಲಿ ಅವರಪ್ಪನ ಕಾಲದ ಒಲೆ ಇದ್ದ ಜಾಗ ಖಾಲಿಯಿದೆ. ಹೊಸ ಒಲೆಯ ಮಾತು ಬಂದ ವರ್ಷವೇ ಅದನ್ನು ಕಿತ್ತು ಕೊಟ್ಟುಬಿಟ್ಟರು. ಉಳಿದದ್ದು ಕಪ್ಪು ಕಲ್ಲಿನ ಹಾಸು. ಮೇಷ್ಟ್ರ ಕುರ್ಚಿ ಇವತ್ತಿಗೂ ಅದರ ಕಡೆಗೇ ಮುಖ ಮಾಡಿದೆ. ಬೆಕ್ಕು ಅದೇ ತಣ್ಣನೆ ಕಲ್ಲಿನ ಮೇಲೆ ಸುರುಳಿ ಸುತ್ತಿ ಮಲಗುತ್ತದೆ, ಯಾವಾಗಲಾದರೂ ಬೆಚ್ಚಗಾಗುತ್ತೆ ಅನ್ನುವ ಹಾಗೆ.

ಇಂಥ ಮನೆಗಳು ಎಷ್ಟೋ ಇವೆ. ಹೊಸ ಒಲೆಯ ಬಾಯಿ ಚಿಕ್ಕದು ಅಂತ ಜನ ಮೂರು ವರ್ಷದಿಂದ ಬರ್ಚನ್ನು ಮೂವತ್ತು ಸೆಂಟಿಮೀಟರಿಗೇ ಕೊಯ್ದು ಜೋಡಿಸುತ್ತಿದ್ದಾರೆ. ಸೌದೆ ಒಣಗಿ, ತೊಗಟೆ ಬಿಟ್ಟು, ಒಂದಕ್ಕೊಂದು ತಟ್ಟಿದರೆ ಗಂಟೆಯ ಹಾಗೆ ಠಣ್ ಅನ್ನುತ್ತದೆ. ಅದನ್ನು ಹಳೆ ಒಲೆಯಲ್ಲಿ ಉರಿಸಲು ಯಾರಿಗೂ ಮನಸ್ಸಿಲ್ಲ. ಸೊಲ್‌ವೈಗ್ ಅನ್ನುವ ಅಂಚೆ ಹೆಂಗಸು ಒಲೆಯ ಚಿತ್ರವನ್ನು ಅದರ ನಿಜವಾದ ಅಳತೆಗೆ ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ. ಸಂಜೆ ಅದರ ಮುಂದೆ ಕೂತು ಹೆಣೆಯುತ್ತಾಳೆ. "ನಗಬೇಡ," ಅಂದಳು. "ಕಾಲು ಬೆಚ್ಚಗಾಗುತ್ತೆ."

ಆ ಹೊಸ ಒಲೆಯಲ್ಲಿ ಅಂಥದ್ದೇನಿದೆ? ಎರಡು ಬೆಂಕಿ ಇದೆ. ಮೊದಲನೆಯದು ಸೌದೆ ಸುಡುತ್ತದೆ. ಮೇಲೇರಿದ ಹೊಗೆ ಜೇನುಗೂಡಿನಂಥ ಒಂದು ಬಿಲ್ಲೆಯೊಳಗೆ ನುಗ್ಗಿ, ಇನ್ನೊಂದು ಸಲ ಸುಟ್ಟು, ಅದೂ ಶಾಖವಾಗುತ್ತದೆ. ಅರ್ಧ ಸೌದೆಗೆ ಇಡೀ ರಾತ್ರಿಯ ಬಿಸಿ. ಆದರೆ ಪಕ್ಕದಲ್ಲಿ ಒಂದು ಹಿಡಿಕೆ ಇದೆ. ಹಚ್ಚುವಾಗ, ಬಾಗಿಲು ತೆಗೆಯುವಾಗ ಹಿಡಿಕೆ ಮೇಲಿರಬೇಕು, ಹೊಗೆ ನೇರ ಚಿಮಣಿಗೆ ಹೋಗಲಿ ಅಂತ. ಒಲೆ ಕಾದ ಮೇಲೆ ಹಿಡಿಕೆ ಕೆಳಗಿಳಿಸಿ ಬಿಲ್ಲೆಯ ದಾರಿ ತೆರೆಯಬೇಕು. ಮತ್ತೆ ಸೌದೆ ಹಾಕುವಾಗ ಅದನ್ನು ಮೇಲೆತ್ತಲು ಮರೆತರೆ ತಣ್ಣಗಿರುವ ಬಿಲ್ಲೆ ಹೊಗೆಯನ್ನು ಬಿಡುವುದಿಲ್ಲ. ಹೊಗೆ ಮನೆಯೊಳಕ್ಕೆ ತಿರುಗುತ್ತದೆ.

ನೋಟ್‌ಬುಕ್ಕಿನಲ್ಲಿ ಇದು ಹದಿನೇಳನೇ ತಪ್ಪು: 'ಹಿಡಿಕೆ ಮರೆಯುವುದು.' ಅದರ ಎದುರಿಗೆ ಮಾತ್ರ ಹೆಸರಿಲ್ಲ.

"ಇದು ಯಾರದು?" ಅಂತ ಕೇಳಿದೆ.

ಐಲಿಫ್ ಹಾಳೆ ತಿರುವಿದರು. "ಹದಿನೆಂಟು ನೋಡು, ತಮಾಷೆಯಾಗಿದೆ."

ಉತ್ತರ ಸಿಕ್ಕಿದ್ದು ಹೊಳೆಯ ಆಚೆ ದಡದಲ್ಲಿ, ಅವರ ಮನೆಯಲ್ಲಿ, ಅವರ ಹೆಂಡತಿ ಗುನ್ವೋರ್ ಕೈಯಿಂದ ಕಾಫಿ ತೆಗೆದುಕೊಂಡಾಗ.

"ನನ್ನದು ಕಣೋ," ಅಂದರು ಅವರು. "ಬರಿ. ಅವನು ಹೆಸರು ಹಾಕಲ್ಲ, ನೀನು ಬರೆಯೋದ್ರಲ್ಲಿ ಹಾಕು."

ಮೊದಲನೇ ಒಲೆಯನ್ನು ಪರೀಕ್ಷೆಗೆ ಅಂತ ಇಟ್ಟಿದ್ದು ಇವರ ಮನೆಯಲ್ಲೇ. ಎರಡೂವರೆ ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಗ್ಗೆ ಗುನ್ವೋರ್ ಎದ್ದು ಕೆಂಡದ ಮೇಲೆ ಹಸಿ ಸೌದೆ ಹಾಕಿದರು. ಹಿಡಿಕೆ ಕೆಳಗೇ ಇತ್ತು. ಸೋಫಾದ ಮೇಲೆ ಒಂದು ಗಳಿಗೆ ಒರಗಿದರು. ಮನೆಯೊಳಗೆ ತುಂಬಿದ್ದರಲ್ಲಿ ಕಾಣುವ ಹೊಗೆ ಕಡಿಮೆ, ಕಾಣದ ವಿಷಗಾಳಿ ಜಾಸ್ತಿ. ಎಚ್ಚರ ತಪ್ಪಿತು.

ಶೆಡ್ಡಿನ ಕಿಟಕಿಯಿಂದ ಆ ಮನೆಯ ಚಿಮಣಿ ಕಾಣುತ್ತದೆ. ದಿನಾ ಆರು ಗಂಟೆಗೆ, ಅಂಗಳದ ದೀಪದ ಬೆಳಕಿನಲ್ಲಿ, ಅಲ್ಲಿ ಹೊಗೆ ಏಳುವುದು ಕಾಣುತ್ತಿತ್ತು. ಹೆಂಡತಿ ಎದ್ದಳು ಅಂತ ಐಲಿಫ್‌ಗೆ ಅದೇ ಸುದ್ದಿ. ಅವತ್ತು ಆರೂ ಹತ್ತಾಯಿತು, ಆರೂ ಇಪ್ಪತ್ತಾಯಿತು, ಚಿಮಣಿ ಖಾಲಿ. ಐಲಿಫ್ ಸೇತುವೆ ಮೇಲೆ ಓಡಿದರು.

"ಕಣ್ಣು ಬಿಟ್ಟಾಗ ನಾನು ಹಿಮದ ಮೇಲೆ, ರಾತ್ರಿ ಬಟ್ಟೇಲಿ," ಅನ್ನುತ್ತಾರೆ ಗುನ್ವೋರ್. "ಇವನು ನನ್ನ ಕಾಲು ಉಜ್ಜುತ್ತಾ ಅಳ್ತಿದ್ದ. ಯಾರಿಗೂ ಹೇಳಬೇಡ ಅಂತ ನಾನೇ ಆಣೆ ಹಾಕಿಸಿಕೊಂಡೆ. ಒಲೆ ಪರೀಕ್ಷೆ ಮಾಡೋನ ಹೆಂಡ್ತಿಗೇ ಒಲೆ ಉರಿಸೋಕೆ ಬರಲ್ಲ ಅಂತ ಈ ಕಣಿವೆ ಜನ ಹತ್ತು ವರ್ಷ ನಗ್ತಿದ್ರು. ಶನಿವಾರದ ಮಾತು ನನಗೆ ಬೇರೆಯವರಿಂದ ಗೊತ್ತಾಯ್ತು. ಇವನನ್ನ ಕೇಳಿದರೆ 'ವಾಫಲ್ ಚೆನ್ನಾಗಿತ್ತು' ಅಂದ."

ಕಾರ್ಖಾನೆಯ ಪುಸ್ತಕದಲ್ಲಿ ಐಲಿಫ್ ಬರೆದದ್ದು ಎರಡೇ ಪದ: ಹಿಡಿಕೆ ಮರೆತಿತ್ತು. ಆಮೇಲೆ ಒಲೆಗೆ ಒಪ್ಪಿಗೆಯ ಸಹಿ ಹಾಕುವುದಿಲ್ಲ ಅಂದುಬಿಟ್ಟರು. ಬಾಗಿಲು ತೆಗೆದರೆ ಹಿಡಿಕೆ ತಾನೇ ಮೇಲೇಳುವಂತೆ ಒಂದು ಸರಳು ಬೇಕು ಅಂತ ಹಟ ಹಿಡಿದರು. ಮೊದಲ ಸರಳು ಇನ್ನೂರ ಮೂವತ್ತು ಸಲಕ್ಕೆ ಮಸಿ ಹಿಡಿದು ನಿಂತುಹೋಯಿತು. ಈಗಿನದು ಕಳೆದ ಡಿಸೆಂಬರಿನಿಂದ ಸಾವಿರದ ನಾನೂರು ಸಲ ದಾಟಿದರೂ ಒಮ್ಮೆಯೂ ಕೈಕೊಟ್ಟಿಲ್ಲ. ಎರಡು ಸಾವಿರ ಆಗಲಿ, ಸಹಿ ಹಾಕುತ್ತೇನೆ ಅನ್ನುತ್ತಾರೆ. ದಿನಕ್ಕೆ ಆರರಂತೆ ಜನವರಿ ಆಗುತ್ತದೆ.

ಅಲ್ಲಿಯವರೆಗೆ ಅವರ ಮನೆಯಲ್ಲೂ ಕಲ್ಲುಹಾಸು ಖಾಲಿ. ಗೋಡೆಯ ಮೇಲಿನ ಯಂತ್ರ ಬಿಸಿಗಾಳಿ ಊದುತ್ತದೆ. "ಬೆಚ್ಚಗಿರುತ್ತೆ, ಇಲ್ಲ ಅನ್ನಲ್ಲ," ಅನ್ನುತ್ತಾರೆ ಗುನ್ವೋರ್. "ಆದರೆ ಅದರ ಮುಂದೆ ಯಾರು ಕೂರ್ತಾರೆ? ನಾನು, ಇವನು ಒಂದೊಂದು ರೂಮಲ್ಲಿ ಕೂರ್ತೀವಿ. ಒಲೆ ಇದ್ದಾಗ ಒಂದೇ ಕಡೆ ಕೂರ್ತಿದ್ವಿ."

ನಿಮಗೇನು ಆಸೆ ಅಂತ ಐಲಿಫ್ ಅವರನ್ನು ಕೇಳಿದೆ. ಕಿಟಕಿಯ ಮಸಿಯನ್ನು ತೋಳಿನಿಂದ ಒರೆಸಿದರು. ಆಚೆ ದಡ ಕಂಡಿತು.

"ಒಂದು ಬೆಳಗ್ಗೆ ಇಲ್ಲಿ ನಿಂತು ನೋಡಿದ್ರೆ ಅಲ್ಲಿ ಹೊಗೆ ಕಾಣ್ಬೇಕು. ಈ ಒಲೆ ಸರಿಯಾಗಿ ಉರಿದ್ರೆ ಹೊಗೆ ಕಾಣೋದೇ ಇಲ್ಲ, ಹಚ್ಚಿದಾಗಿನ ಹತ್ತು ನಿಮಿಷ ಬಿಟ್ಟು. ಆ ಹತ್ತು ನಿಮಿಷ ಸಾಕು ನನಗೆ."

ಇನ್ನು ಶನಿವಾರದ ಉತ್ತರ.

ಸಂತೆಯ ಡೇರೆಯಲ್ಲಿ ಜನ ನೋಡಲಿ ಅಂತ ಕಾರ್ಖಾನೆಯವರು ಒಂದು ಒಲೆ ಉರಿಸಿಟ್ಟಿದ್ದರು. ಅದು ಮೊದಲನೇ ಮಾದರಿ, ಸರಳು ಇಲ್ಲದ್ದು. ಹಚ್ಚಿದ್ದು ಐಲಿಫ್. ಎಲ್ಲರೂ ನಗುತ್ತಿರುವಾಗ ಮೇಷ್ಟ್ರು ಕೋಟಿನ ಜೇಬಿನಿಂದ ಒಂದು ಬರ್ಚ್ ತುಂಡು ತೆಗೆದರು. ಮೂವತ್ತು ಸೆಂಟಿಮೀಟರಿನದು, ಮೂರು ವರ್ಷ ಒಣಗಿದ್ದು. ಅದನ್ನು ಈ ಒಲೆಗೆ ಹಾಕಬೇಕು ಅಂತಲೇ ಮನೆಯಿಂದ ತಂದಿದ್ದರು. ಬಗ್ಗಿ ಬಾಗಿಲು ತೆಗೆದರು. ಹಿಡಿಕೆ ಮುಟ್ಟಲಿಲ್ಲ. ಹೊಗೆ ಬುಸ್ಸನೆ ಅವರ ಮುಖಕ್ಕೆ ಬಂತು.

"ನೋಡ್ರಪ್ಪಾ, ನೋಡಿ," ಅಂದರು ಕೆಮ್ಮುತ್ತಾ. "ಇವನು ಹಚ್ಚಿದ ಒಲೆ. ಏನೋ ಐಲಿಫ್, ಇದಕ್ಕೇನಂತೀಯ?"

ಐಲಿಫ್ ವಾಫಲ್ ತಟ್ಟೆ ಬದಿಗಿಟ್ಟು ಬಂದರು. ಎರಡು ಬೆರಳಿನಿಂದ ಹಿಡಿಕೆ ಮೇಲೆತ್ತಿದರು. ಹೊಗೆ ತಿರುಗಿ ಚಿಮಣಿ ಹಿಡಿಯಿತು. ಮೇಷ್ಟ್ರ ಕೈಯಿಂದ ಆ ತುಂಡು ತೆಗೆದುಕೊಂಡು ಕಬ್ಬಿಣಕ್ಕೆ ಒಮ್ಮೆ ತಟ್ಟಿ, ನಾದ ಕೇಳಿ, ಮೆಲ್ಲಗೆ ಕೆಂಡದ ಮೇಲಿಟ್ಟರು. ಬಾಗಿಲು ಮುಚ್ಚಿದರು. ತೊಗಟೆಗೆ ಉರಿ ಹತ್ತುವವರೆಗೆ ಮಂಡಿಯೂರಿ ಕೂತಿದ್ದು, ಹಿಡಿಕೆ ಇಳಿಸಿ ಎದ್ದರು. ಮೇಷ್ಟ್ರು ಆ ಉರಿಯನ್ನೇ ನೋಡುತ್ತಿದ್ದರು.

"ಐಲಿಫ್, ನಿನ್ನನ್ನೇ ಕೇಳಿದ್ದು," ಅಂತ ಹಿಂದಿನಿಂದ ಯಾರೋ ಕೂಗಿದರು.

ಐಲಿಫ್ ಆಗಲೇ ಸೇತುವೆಯ ಮೇಲೆ ಹೋಗುತ್ತಿದ್ದರು, ಹೊಗೆಯಿಲ್ಲದ ತಮ್ಮ ಚಿಮಣಿಯ ಕಡೆಗೆ.