ಗಿಡ್ಡವಾದ ಲಂಗ

ನನ್ನ ಅಜ್ಜಿ ಬಾಗಿ ಬೋಳಾರದಲ್ಲಿ ಮೀನು ಮಾರುವವಳು. ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಎಲೆಯಡಿಕೆ, ನಾಲಗೆಯಲ್ಲಿ ಬೆಂಕಿ. ಅವಳೊಡನೆ ಚೌಕಾಶಿ ಮಾಡಿ ಗೆದ್ದವರು ಇಡೀ ಮಂಗಳೂರಿನಲ್ಲಿ ಇರಲಿಲ್ಲ. ಯಾರನ್ನಾದರೂ ಹೊಗಳುವುದೆಂದರೆ ಅವಳಿಗೆ ಆಗದ ಕೆಲಸ. ಹೊಗಳಿಸಿಕೊಂಡವಳು ನಾನೊಬ್ಬಳೇ, ಅದೂ ತಪ್ಪು ಕಾರಣಕ್ಕೆ.

"ನಮ್ಮ ಮುದ್ದುವಿನಂಥ ಮಗು ಬೇರೆ ಯಾರ ಮನೆಯಲ್ಲಿ ಉಂಟು ಹೇಳಿ ನೋಡುವ. ಅಳುವುದಿಲ್ಲ, ಹಟ ಮಾಡುವುದಿಲ್ಲ, ಕೂರಿಸಿದಲ್ಲಿ ಕೂತಿರ್ತದೆ. ಒಂದು ಲಂಗ ಹೊಲಿಸಿದ್ದು ಮೂರು ವರ್ಷದಿಂದ ಹಾಕ್ತಾ ಉಂಟು ಮಾರಾಯ್ತಿ!" ಎಂದು ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅವಳು ಹೇಳುತ್ತಿದ್ದುದು ತುಳುವಿನಲ್ಲಿ. ಈಗ ಶಾಲೆಯಲ್ಲಿ ಪಾಠ ಹೇಳುವ ನಾನು ಅದನ್ನು ಕನ್ನಡಕ್ಕೆ ತಂದಿದ್ದೇನೆ. ಅವಳ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ತಪ್ಪು ನನ್ನದು.

ಲಂಗ ಮೂರು ವರ್ಷ ಬಂದದ್ದು ಬಟ್ಟೆಯ ಗಟ್ಟಿತನದಿಂದ ಅಲ್ಲ, ನಾನು ಬೆಳೆಯದೆ ಇದ್ದುದರಿಂದ. ನಾಲ್ಕು ತುಂಬುವವರೆಗೆ ಎಲ್ಲರಂತೆ ಓಡಾಡಿಕೊಂಡಿದ್ದ ನಾನು ಆಮೇಲೆ ನಿಧಾನವಾಗುತ್ತ ಹೋದೆ. ಮುಖ ಊದಿ ಗುಂಡಗಾಯಿತು, ಸ್ವರ ಒರಟಾಯಿತು, ಮೇ ತಿಂಗಳ ಸೆಕೆಯಲ್ಲೂ ನನಗೆ ಚಳಿ. ತಮ್ಮ ಗಿರಿಯಪ್ಪ ನನಗಿಂತ ಎರಡು ವರ್ಷ ಸಣ್ಣವನು. ಅವನು ನನ್ನನ್ನು ಮೀರಿ ಬೆಳೆದ. ಆದರೂ ಮನೆಯಲ್ಲಿ ಯಾರಿಗೂ ಅಂಥ ಚಿಂತೆ ಇರಲಿಲ್ಲ. ಗುಂಡಗಿರುವ ಮಗು ಗಟ್ಟಿ ಮಗು, ಸುಮ್ಮನಿರುವ ಮಗು ಒಳ್ಳೆಯ ಮಗು ಎಂಬುದು ನಮ್ಮ ಕಡೆಯ ಲೆಕ್ಕ. ಅಮ್ಮ ಹಂಚಿನ ಕಾರ್ಖಾನೆಗೆ ಹೋದ ಮೇಲೆ ನನ್ನ ಕೈಗೊಂದು ಕೋಲು ಕೊಟ್ಟು, ಅಂಗಳದ ಒಣಮೀನಿಗೆ ಕಾಗೆ ಕಾಯಲು ಕೂರಿಸುತ್ತಿದ್ದರು. ಬೋಳಾರದ ಕಾಗೆಗಳಿಗೆ ಆ ವರ್ಷಗಳೆಲ್ಲ ಸುಗ್ಗಿ.

೧೯೩೬ರಲ್ಲಿ ಒಂದು ಬೆಳಿಗ್ಗೆ ನನ್ನನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಅಜ್ಜಿ ನನ್ನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಮೀನು ಮಾರಲು ಹೊರಟಳು. ರಥಬೀದಿಯ ಹತ್ತಿರ ಸರ್ವೋತ್ತಮ ಡಾಕ್ಟರ ಮನೆ. ಅವರು ಅಜ್ಜಿಯ ಖಾಯಂ ಗಿರಾಕಿ. ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದ ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದವರು ಮೀನನ್ನು ಮರೆತೇಬಿಟ್ಟರು.

"ಬಾಗೀ, ಈ ಮಗುವಿಗೆ ಎಷ್ಟು ವರ್ಷ?"

"ಏಳು."

"ಏಳಾ? ನಾನು ನಾಲ್ಕು ಅಂತ ಎಣಿಸಿದೆ."

ಅವರು ನನ್ನ ಬಾಯಿ ತೆರೆಸಿ ಹಲ್ಲು ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು. ಬೆಳೆಯದ ಮಕ್ಕಳ ವಿಚಾರದಲ್ಲಿ ಈ ಡಾಕ್ಟರಿಗೆ ಹುಚ್ಚೇ ಇತ್ತು. ಊರೂರಿನಿಂದ ಅಂಥ ಮಕ್ಕಳನ್ನು ಹುಡುಕಿ ತಂದು ತಮ್ಮ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇದೆ, ಅದರ ರಸ ಕಡಿಮೆಯಾದರೆ ಮಗು ಮೈಯಲ್ಲೂ ಮನಸ್ಸಿನಲ್ಲೂ ಮಂದವಾಗುತ್ತದೆ, ಆಡಿನ ಅದೇ ಗ್ರಂಥಿಯನ್ನು ಒಣಗಿಸಿ ಪುಡಿಮಾಡಿ ಕೊಟ್ಟರೆ ಚೇತರಿಸುತ್ತದೆ ಎಂದು ಅಜ್ಜಿಗೆ ತಿಳಿಸಿ ಹೇಳಿದರು. ಎಷ್ಟು ಕೊಡಬೇಕು, ಯಾವ ವಯಸ್ಸಿಗೆ ಎಷ್ಟು ಎಂಬುದೇ ಅವರ ಹುಡುಕಾಟ. ಅಜ್ಜಿಗೆ ಸಿಟ್ಟು ಬಂತು.

"ನನ್ನ ಪುಳ್ಳಿಗೆ ಎಂತ ಆಗಿದೆ? ಬಂಗಾರದಂಥ ಮೊಮ್ಮಗಳು."

"ಹೀಗೇ ಬಿಟ್ಟರೆ ನಿನ್ನ ಬಂಗಾರ ಮದುವೆಯ ಪ್ರಾಯಕ್ಕೂ ಇದೇ ಲಂಗ ಹಾಕಬೇಕಾದೀತು ಬಾಗಿ," ಎಂದರು ಡಾಕ್ಟರು.

ಆ ಮಾತು ಅಜ್ಜಿಗೆ ನಾಟಿತು. ಬಂದರಿನ ಹತ್ತಿರ ಮಾಂಸದ ಅಂಗಡಿ ಇಟ್ಟಿದ್ದ ಮೊಯ್ದೀನಬ್ಬ ಆಡಿನ ಗ್ರಂಥಿಗಳನ್ನು ತೆಗೆದಿಡುತ್ತಿದ್ದ. ಅಜ್ಜಿ ಮೀನು ಮಾರಿ ಬರುವಾಗ ಅವನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಡಾಕ್ಟರಿಗೆ ಮುಟ್ಟಿಸುತ್ತಿದ್ದಳು. ಡಾಕ್ಟರು ತಯಾರಿಸಿದ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಬೆಳಗ್ಗೆ ನನ್ನ ನಾಲಗೆಗೆ ತಿಕ್ಕುತ್ತಿದ್ದಳು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಮೊದಲು ನನ್ನ ಊತ ಇಳಿಯಿತು, ಕೆನ್ನೆ ಬತ್ತಿತು. ಜತೆಗೆ ಬಾಯಿ ಬಂತು. ಅತ್ತು ಕೂಗಿದೆ, ಗಿರಿಯಪ್ಪನಿಗೆ ಹೊಡೆದೆ, ಸಾರಿನ ಪಾತ್ರೆ ಬೀಳಿಸಿದೆ, ಕಾಗೆಗಳನ್ನು ಕೋಲು ಹಿಡಿದು ಓಣಿಯ ತುದಿಯವರೆಗೆ ಅಟ್ಟಿದೆ. ಆಡು ಮುಟ್ಟದ ಸೊಪ್ಪಿಲ್ಲ, ಮುದ್ದು ಮುಟ್ಟದ ಪಾತ್ರೆಯಿಲ್ಲ ಎಂದಾಯಿತು. ಒಂದು ದಿನ ಅಜ್ಜಿಯನ್ನೇ "ಹೋಗು ಮುದುಕಿ" ಎಂದೆನಂತೆ.

ಪಕ್ಕದ ಮನೆಯ ವಾರಿಜಾಕ್ಷಿಗೆ ಇಷ್ಟು ಸಾಕಾಯಿತು. "ಬಾಗಿಯಕ್ಕ, ಹೇಗಿದ್ದ ಮಗುವನ್ನು ಹೇಗೆ ಮಾಡಿಬಿಟ್ಟಿರಿ! ಗುಂಡಗೆ ಇತ್ತು, ಈಗ ಕಡ್ಡಿಯ ಹಾಗೆ. ಆಡಿನ ಕುತ್ತಿಗೆ ತಿನ್ನಿಸಿದರೆ ಆಡಿನ ಬುದ್ಧಿಯೇ ಬರ್ತದೆ ಮತ್ತೆ," ಎಂದಳು. ಲಂಗ ಮಾತ್ರ ಇನ್ನೂ ಅದೇ ಅಳತೆಗೆ ಇತ್ತು. ಮಗು ಬೆಳೆದದ್ದು ಕಾಣಲಿಲ್ಲ, ಬಡವಾದದ್ದು ಕಂಡಿತು. ಅಜ್ಜಿ ಹೆದರಿದಳು. ಯಾರಿಗೂ ಹೇಳದೆ ಪುಡಿಯನ್ನು ಒಲೆಗೆ ಸುರಿದಳು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು, ದೋಣಿಗಳು ದಡ ಸೇರಿದವು. ಮೀನಿಲ್ಲದ ಮೇಲೆ ರಥಬೀದಿಗೆ ಹೋಗುವ ಕೆಲಸವೂ ಇಲ್ಲ. ಡಾಕ್ಟರು ಹೇಳಿಕಳಿಸಿದಾಗ, ಮಗುವಿಗೆ ಶೀತ, ಗುಣವಾದ ಮೇಲೆ ತರ್ತೇನೆ ಎಂದು ಹೇಳಿ ಕಳಿಸಿದಳು.

ಮಳೆಯ ಜತೆಗೆ ನಾನೂ ತಣ್ಣಗಾದೆ. ಕೂಗು ನಿಂತಿತು, ಹಟ ನಿಂತಿತು, ಕೆನ್ನೆ ಮತ್ತೆ ತುಂಬಿತು. "ಈಗ ನೋಡಿ, ಹೇಗೆ ಮೈ ಹಿಡಿಯಿತು," ಎಂದಳು ವಾರಿಜಾಕ್ಷಿ. ಅಜ್ಜಿ ಹೂಂಗುಟ್ಟಿದಳಂತೆ.

ಆಟಿಯ, ಎಂದರೆ ಆಷಾಢದ, ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಆ ಆಟಿಯಲ್ಲಿ ಒಂದು ಮಧ್ಯಾಹ್ನ ಮಳೆ ಬಿಟ್ಟು ಅಂಥ ಬಿಸಿಲು ಬಂತು. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಮುಗ್ಗಲು ಹಿಡಿಯುತ್ತಿತ್ತು. ಅಜ್ಜಿ ಅದನ್ನು ಚಾಪೆಯ ಮೇಲೆ ಹರಡಿ, ಕೋಲು ಕೊಟ್ಟು ನನ್ನನ್ನು ಕೂರಿಸಿ ಒಳಗೆ ಹೋದಳು. ಹೊರಗೆ ಬಂದು ನೋಡುತ್ತಾಳೆ: ಚಾಪೆಯ ತುಂಬ ಕಾಗೆ. ಒಂದು ನನ್ನ ಮಡಿಲಿನ ಮೇಲೇ ಕುಳಿತು ಮೀನು ಹರಿಯುತ್ತಿದೆ. ಕೋಲು ನನ್ನ ಕೈಯಲ್ಲೇ ಇದೆ. ನಾನು ಆ ಕಾಗೆಯನ್ನು ನೋಡುತ್ತ ಸುಮ್ಮನೆ ಕುಳಿತಿದ್ದೇನೆ.

ಅಜ್ಜಿ ಕಾಗೆಗಳನ್ನು ಓಡಿಸಲಿಲ್ಲ. ಅಷ್ಟು ಒಣಮೀನನ್ನು ಅವುಗಳಿಗೇ ಬಿಟ್ಟು, ನನ್ನನ್ನು ಎತ್ತಿಕೊಂಡು ರಥಬೀದಿಗೆ ಓಡಿದಳು. ಒಂದು ಬಂಗುಡೆಯನ್ನೂ ಪುಕ್ಕಟೆ ಬಿಡದವಳು ಆವತ್ತು ಹಾಗೆ ಓಡಿದ್ದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

"ಡಾಕ್ಟ್ರೇ, ನಾನು ಮದ್ದು ನಿಲ್ಲಿಸಿದೆ. ಸುಳ್ಳು ಹೇಳಿದೆ. ಬೈಯುವುದಾದರೆ ಆಮೇಲೆ ಬೈಯಿರಿ, ಮೊದಲು ಪುಡಿ ಕೊಡಿ. ನನಗೆ ಆ ಹಟಮಾರಿ ಮಗುವೇ ಬೇಕು."

ಡಾಕ್ಟರು ಬೈಯಲಿಲ್ಲ. ನನ್ನನ್ನು ಚೌಕಟ್ಟಿಗೆ ನಿಲ್ಲಿಸಿದರು. ಮದ್ದು ಕೊಟ್ಟ ತಿಂಗಳುಗಳಲ್ಲಿ ಪೆನ್ಸಿಲ್ ಗೆರೆ ಸ್ವಲ್ಪವೇ ಆದರೂ ಮೇಲೆ ಹೋಗಿತ್ತು, ಲಂಗದಲ್ಲಿ ಕಾಣದಷ್ಟು. ಮಳೆ ಹಿಡಿದ ಮೇಲೆ ಅದು ಏರಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ಮದ್ರಾಸಿನ ದೊಡ್ಡ ಡಾಕ್ಟರುಗಳು ನನ್ನ ಮಾತು ನಂಬುವುದಿಲ್ಲ ಬಾಗಿ. ಮಕ್ಕಳು ತಾವಾಗಿಯೇ ಬೆಳೀತಾರೆ, ಮದ್ದಿನಿಂದಲೇ ಅಂತ ಹೇಗೆ ಹೇಳ್ತೀಯಾ, ನಿಲ್ಲಿಸಿ ನೋಡು ಅಂತಾರೆ. ಮಕ್ಕಳಿಗೆ ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಈಗ ನೀನು ಗೊತ್ತಿಲ್ಲದೆ ಅದನ್ನೇ ಮಾಡಿದ್ದೀ. ಇದನ್ನು ನಾನು ಬರೆಯಬಹುದಾ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಾಗಿ ಮತ್ತೆ ಬಾಗಿಯಾದಳು.

"ಬರೆಯಿರಿ. ಇನ್ನೊಂದು ಮನೆಯ ಅಜ್ಜಿ ನನ್ನ ಹಾಗೆ ಮಾಡದಿದ್ದರೆ ಸಾಕು. ಮುದ್ದುವಿನ ಹೆಸರು ಮಾತ್ರ ಬೇಡ, ನಾಳೆ ಮದುವೆಯಾಗುವ ಹುಡುಗಿ. ನನ್ನ ಹೆಸರು ಹಾಕಿ. ನಿಲ್ಲಿಸಿದ್ದೂ ಬಾಗಿ, ತಿರುಗಿ ತಂದದ್ದೂ ಬಾಗಿ ಅಂತ ಎರಡನ್ನೂ ಬರೆಯಬೇಕು. ಒಂದನ್ನೇ ಬರೆದರೆ ಮಳೆಗಾಲ ಮುಗಿದ ಮೇಲೂ ನಿಮಗೆ ಮೀನಿಲ್ಲ."

ಡಾಕ್ಟರು ನಕ್ಕುಬಿಟ್ಟರು. "ಎರಡನ್ನೂ ಬರೀತೇನೆ ಬಾಗಿಯಕ್ಕ," ಎಂದರು. ಅಜ್ಜಿಯನ್ನು ಅವರು ಅಕ್ಕ ಎಂದದ್ದು ಅದೇ ಮೊದಲು. ಕೊನೆಯವರೆಗೂ ಹಾಗೆಯೇ ಕರೆದರು.

ಮರುವರ್ಷ ದೀಪಾವಳಿಗೆ ಮೊದಲು ಅಜ್ಜಿಯ ಜತೆ ಬಂದರಿಗೆ ಹೋಗಿದ್ದ ನಾನು ಮೊಯ್ದೀನಬ್ಬನ ಅಂಗಡಿಯ ಹಿಂದಿನ ಪೇರಳೆ ಮರ ಹತ್ತಿ ಇಳಿಯುವಾಗ ಲಂಗ ಸೊಂಟದಿಂದ ಅಂಚಿನವರೆಗೆ ಹರಿಯಿತು. ಅದು ಆಗಲೇ ಮೊಣಕಾಲಿನ ಮೇಲಕ್ಕೆ ಬಂದಿತ್ತು. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿ ನಿಂತೆ. ಅಜ್ಜಿ ಒಂದು ತುಂಡು ಬಟ್ಟೆಯನ್ನು ನನಗೆ ಸುತ್ತಿ, ಆ ಹರಕು ಲಂಗವನ್ನು ಕಸಿದುಕೊಂಡು ಬಿಡಿಸಿ ಹಿಡಿದು, "ನೋಡು ಮೊಯ್ದೀನಬ್ಬ, ಗಿಡ್ಡ ಆಯ್ತು! ನಮ್ಮ ಮುದ್ದುವಿಗೆ ಲಂಗ ಗಿಡ್ಡ ಆಯ್ತು!" ಎಂದು ಬೊಬ್ಬೆ ಹಾಕಿದಳು. ಆ ದಿನ ಮೀನಿನ ಬುಟ್ಟಿಯಲ್ಲಿ ಅದನ್ನೂ ಇಟ್ಟುಕೊಂಡು ಹೋಗಿ ಗಿರಾಕಿಗಳಿಗೆಲ್ಲ ತೋರಿಸಿ ಬಂದಳು. ಯಾರೊಬ್ಬರೂ ಮೀನಿನ ವಾಸನೆಯ ಮಾತೆತ್ತಲಿಲ್ಲ. ಎತ್ತುವ ಧೈರ್ಯ ಯಾರಿಗಿತ್ತು!

ಇಂದಿಗೂ ಬೆಳಗ್ಗೆ ಎದ್ದೊಡನೆ ನನಗೆ ಮದ್ದು ಬೇಕು. ಬದುಕಿರುವವರೆಗೆ ಅದನ್ನು ಅಜ್ಜಿ ತನ್ನ ಕೈಯಾರೆ ಕೊಟ್ಟಳು. ಅವಳ ಹೊಗಳಿಕೆ ಮಾತ್ರ ಆ ದೀಪಾವಳಿಗೇ ಮುಗಿಯಿತು. ಆಮೇಲೆ ವರ್ಷವರ್ಷವೂ ದರ್ಜಿಯ ಅಂಗಡಿಯಿಂದ ಬರುವಾಗ, ವಾರಿಜಾಕ್ಷಿಯ ಜಗಲಿಯ ಮುಂದೆ ನಿಂತು ಇಡೀ ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದಳು: "ಎಂತ ಹುಡುಗಿಯಪ್ಪ ಇದು! ಎಷ್ಟು ಹೊಲಿಸಿದರೂ ಸಾಲುವುದಿಲ್ಲ!"