ಕೆಂಚನ ಹೊಲಿಗೆ ಮಾಯುವಷ್ಟರಲ್ಲಿ

ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಸುಕನ್ಯಳ ಮನೆ. ಗಂಡ ಅಂಜನಮೂರ್ತಿ ಕರೆಂಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವರು. ಬೀದಿಯಲ್ಲಿ ಕರೆಂಟು ಹೋದರೆ ಜನ ಆಫೀಸಿಗೆ ಫೋನು ಮಾಡುವ ಮೊದಲು ಇವರ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕೆರೆಯಿಂದ ಇಂದಿರಾನಗರದವರೆಗೆ ಯಾವ ಕಂಬ ಯಾವ ತಿರುವಿನಲ್ಲಿದೆ ಎಂದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ನಿವೃತ್ತರಾದ ನಾಲ್ಕನೆಯ ವರ್ಷ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಅಂಗಡಿಯವರ ಹೆಸರು ಮರೆತರು, ಆಮೇಲೆ ಬೀದಿಗಳು, ಆಮೇಲೆ ಮಗಳು ಹಂಸ ಮದುವೆಯಾಗಿ ರಾಮಮೂರ್ತಿನಗರದಲ್ಲಿದ್ದಾಳೆ ಎಂಬುದು. ಒಂದು ಬೆಳಿಗ್ಗೆ ಕಾಫಿ ತಂದುಕೊಟ್ಟ ಹೆಂಡತಿಯ ಮುಖವನ್ನೇ ನೋಡಿ, "ನೀವು ಕುಡಿದ್ರಾ ಅಮ್ಮ?" ಎಂದು ಕೇಳಿದರು.

ಮೂವತ್ತಾರು ವರ್ಷ 'ನೀನು' ಎಂದು ಕರೆದ ಬಾಯಿ ಅದು. ಸಿಟ್ಟು ಬಂದಾಗ 'ಲೇ' ಎಂದೂ ಕರೆದಿತ್ತು. ಆ ದಿನ ಸುಕನ್ಯ ಒಳಗೆ ಹೋಗಿ ಲೋಟ ತೊಳೆಯುತ್ತಾ ಎಷ್ಟೋ ಹೊತ್ತು ನಿಂತಳು. ಬೈಸಿಕೊಂಡಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಪರರ ಮನೆ ಹೆಂಗಸಿಗೆ ಕೊಡುವ ಮರ್ಯಾದೆಯನ್ನು ಗಂಡ ತನಗೆ ಕೊಟ್ಟುಬಿಟ್ಟಿದ್ದರು. ಅಂದಿನಿಂದ ಅವರ ಪಾಲಿಗೆ ಅವಳು ಮನೆಯಲ್ಲಿ ಓಡಾಡಿಕೊಂಡು ಅಡುಗೆ ಮಾಡಿ ಹಾಕುವ ಯಾರೋ ಒಬ್ಬ ಒಳ್ಳೆಯ ಅಮ್ಮ.

ಅವರ ನೆನಪಿನಲ್ಲಿ ಗಟ್ಟಿಯಾಗಿ ಉಳಿದವನು ಕೆಂಚ ಒಬ್ಬನೇ. ಎರಡೂವರೆ ವರ್ಷದ ಹಿಂದೆ, ಕಾಯಿಲೆ ಇನ್ನೂ ಎಳೆಯದಾಗಿದ್ದಾಗ, ಸೊಪ್ಪು ತರಲು ಹೋದವರು ಚೀಲದಲ್ಲಿ ಸೊಪ್ಪಿನ ಬದಲು ಒಂದು ಕೆಂಪು ನಾಯಿಮರಿ ಇಟ್ಟುಕೊಂಡು ಬಂದಿದ್ದರು. ಸೊಪ್ಪು ಮರೆತು ತಂದರೋ, ಮರಿ ಕಂಡು ಬೇಕೆಂದೇ ತಂದರೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಮರಿ ಬೆಳೆದು ಅವರ ಕುರ್ಚಿಯ ಪಕ್ಕದಲ್ಲೇ ಠಿಕಾಣಿ ಹೂಡಿತು. ಅವರು ದಿನವಿಡೀ ಅದರ ಜೊತೆ ಮಾತಾಡುತ್ತಿದ್ದರು. ಒಂದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸುಕನ್ಯಳ ಕಿವಿಗೆ ಆ ಮಾತು ಬಿತ್ತು.

"ತಡ್ಕೊಳೋ ಕೆಂಚ. ಸುಕನ್ಯ ಈಗ ಬರ್ತಾಳೆ. ಮಾರ್ಕೆಟ್‌ಗೆ ಹೋಗವ್ಳೆ. ಬಂದು ನಿಂಗೂ ಹಾಕ್ತಾಳೆ, ನಂಗೂ ಹಾಕ್ತಾಳೆ. ಅವ್ಳು ಯಾವತ್ತೂ ಲೇಟ್ ಮಾಡಲ್ಲ ಕಣೋ."

ಒಲೆ ಆರಿಸಿ ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಹಂಸ ಹುಟ್ಟಿದ ದಿನ ಸುಕನ್ಯ ಹೇಗೆ ಕೂಗಿಕೊಂಡಳು, ಟ್ರಾನ್ಸ್‌ಫಾರ್ಮರ್ ಸಿಡಿದು ಕೈ ಸುಟ್ಟಾಗ ತಿಂಗಳುಗಟ್ಟಲೆ ಹೇಗೆ ತುತ್ತು ಕಲಸಿ ತಿನ್ನಿಸಿದಳು, ಎಲ್ಲವನ್ನೂ ಅವರು ನಾಯಿಗೆ ಹೇಳುತ್ತಿದ್ದರು. ಎದುರಿಗೆ ಬಂದರೆ ಅವಳು ಯಾರೋ ಅಮ್ಮ. ಮರೆಯಲ್ಲಿ ನಿಂತರೆ ಸುಕನ್ಯ. ಹಾಗಾಗಿ ಊಟದ ಹೊತ್ತಿಗೆ ಸರಿಯಾಗಿ ಐದು ನಿಮಿಷ ಬಾಗಿಲ ಮರೆಯಲ್ಲಿ ನಿಲ್ಲುವುದು ಅವಳಿಗೆ ರೂಢಿಯಾಯಿತು. ಮಗಳಿಗೂ ಇದನ್ನು ಹೇಳಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ಕೆಂಚನಿಗೆ ಪ್ರಾಯ ಬಂದ ಮೇಲೆ ತೊಂದರೆ ಶುರುವಾಯಿತು. ಬೀದಿಯಲ್ಲಿ ಹೆಣ್ಣು ನಾಯಿಯ ವಾಸನೆ ಹತ್ತಿದರೆ ಸಾಕು, ಗೇಟು ಹಾರಿ ಓಡುತ್ತಿದ್ದ. ಅವನ ಹಿಂದೆ ಅಂಜನಮೂರ್ತಿ. ಎರಡು ಸಲ ಕೆರೆ ದಂಡೆಯಲ್ಲಿ ಸಿಕ್ಕರು. ಮೂರನೆಯ ಸಲ ಐದು ಗಂಟೆ ಕಾಲ ಸಿಗಲೇ ಇಲ್ಲ. ಕೊನೆಗೆ ಕೆ.ಆರ್. ಪುರಂನಿಂದ ಜಟ್ಟೆಮ್ಮ ಎನ್ನುವ ಟೀ ಅಂಗಡಿಯಾಕೆ, ಅವರ ಜೇಬಿನಲ್ಲಿ ಹಂಸ ಬರೆದಿಟ್ಟಿದ್ದ ಚೀಟಿ ನೋಡಿ ಫೋನು ಮಾಡಿದರು. ಹೋಗಿ ನೋಡಿದರೆ ಬೆಂಚಿನ ಮೇಲೆ ಕೂತಿದ್ದಾರೆ, ಕಾಲಲ್ಲಿ ಚಪ್ಪಲಿ ಇಲ್ಲ, ಹಿಮ್ಮಡಿ ಒಡೆದು ರಕ್ತ. "ಕೆಂಚ ಇಲ್ಲೇ ಎಲ್ಲೋ ಅವ್ನೆ" ಎನ್ನುತ್ತಿದ್ದರು. ಕೆಂಚ ಅಷ್ಟರಲ್ಲಿ ತಾನೇ ಮನೆಗೆ ಬಂದು ಮಲಗಿದ್ದ.

"ಅಮ್ಮ, ಅವನಿಗೆ ಆಪರೇಷನ್ ಮಾಡಿಸ್ಬಿಡು" ಎಂದಳು ಹಂಸ. "ಅಲೆಯೋದು ಕಮ್ಮಿಯಾಗುತ್ತಂತೆ. ಅವನು ಮನೇಲಿದ್ರೆ ಅಪ್ಪನೂ ಮನೇಲಿರ್ತಾರೆ."

"ನಿಮ್ಮಪ್ಪನ್ನ ಕೇಳದೆ ಹೆಂಗೆ? ಅವರ ನಾಯಿ ಅದು."

ಕೇಳಿದಳು. ಅವರು ಕೆಂಚನ ಕಿವಿ ಸವರುತ್ತಾ, "ಪಾಪ, ನೋವಾಗುತ್ತಾ?" ಎಂದರು. ಮರುಗಳಿಗೆ ಯಾವ ವಿಷಯ ಎಂಬುದೇ ಮರೆತಿತ್ತು.

ಕಾಕ್ಸ್‌ಟೌನಿನ ಕಡೆ ಲೈಬಾ ಎಂಬ ಪ್ರಾಣಿವೈದ್ಯೆ ಇದ್ದರು. ಚಿಕ್ಕ ವಯಸ್ಸು, ಮೃದು ಮಾತು. ಆಪರೇಷನ್ ಮುಗಿಸಿ ಒಂದೊಂದನ್ನೇ ಬಿಡಿಸಿ ಹೇಳಿದರು. "ಇವತ್ತು ಅರ್ಧ ಊಟ ಸಾಕು ಆಂಟಿ. ಹತ್ತು ದಿನ ಸ್ನಾನ ಬೇಡ, ಹಾರಾಟ ಬೇಡ. ಸ್ವಲ್ಪ ಊದ್ಕೊಂಡ್ರೆ ಹೆದರ್ಬೇಡಿ. ಮುಖ್ಯ ಏನಂದ್ರೆ ಈ ಕೋನ್ ತೆಗೀಲೇಬಾರ್ದು. ತೆಗೆದ್ರೆ ಹೊಲಿಗೆ ನೆಕ್ತಾನೆ, ಬಿಚ್ಕೊಳ್ಳುತ್ತೆ."

ಕೋನ್ ಎಂದರೆ ಕೊರಳ ಸುತ್ತ ಕಟ್ಟುವ ಪ್ಲಾಸ್ಟಿಕ್ಕಿನ ದೊಡ್ಡ ಆಲಿಕೆ. ಕೆಂಚ ಮತ್ತಿನಲ್ಲಿ ತೂರಾಡುತ್ತಾ, ಅದನ್ನು ಬಾಗಿಲಿಗೆ ತಾಗಿಸುತ್ತಾ ಒಳಗೆ ಬಂದಾಗ ಅಂಜನಮೂರ್ತಿ ಕುರ್ಚಿಯಿಂದ ಎದ್ದೇಬಿಟ್ಟರು.

"ಯಾವ ಕಟುಕ ಇವನ ತಲೆಗೆ ಬಕೆಟ್ ಸಿಗಿಸಿರೋದು?"

"ಡಾಕ್ಟ್ರು ಹಾಕಿರೋದು ರೀ. ಗಾಯ ಆಗಿದೆ ಅವನಿಗೆ. ತೆಗೀಬಾರ್ದು."

"ಓ, ಹಂಗಾ" ಎಂದು ಕೂತರು. ಹತ್ತು ನಿಮಿಷಕ್ಕೆ ಮತ್ತೆ ಎದ್ದರು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಸುಕನ್ಯ ಆ ಎರಡು ದಿನ ಇಬ್ಬರ ನಡುವೆಯೇ ಚಾಪೆ ಹಾಕಿ ಕೂತಳು. ಮಾತ್ರೆಯನ್ನು ಇಡ್ಲಿಯೊಳಗೆ ಹುದುಗಿಸಿ ತಿನ್ನಿಸುತ್ತಿದ್ದಳು. ಬಟ್ಟಲನ್ನು ಆಲಿಕೆಯೊಳಗೆ ಹಿಡಿದು ನೀರು ಕುಡಿಸುತ್ತಿದ್ದಳು. ಬೆಳಿಗ್ಗೆ ಸಂಜೆ ಅವನನ್ನು ಮಗ್ಗುಲಿಗೆ ಹೊರಳಿಸಿ ಹೊಲಿಗೆ ನೋಡುತ್ತಿದ್ದಳು. ಕೋನಿನ ದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿದ್ದಳು. ಆದರೆ ಅಂಜನಮೂರ್ತಿಯ ಬೆರಳುಗಳು ಅಂಗಿ ಗುಂಡಿ ಹಾಕುವುದನ್ನು ಮರೆತಿದ್ದರೂ ಗಂಟು ಬಿಚ್ಚುವುದನ್ನು ಮರೆತಿರಲಿಲ್ಲ. ಜೀವಮಾನವಿಡೀ ಹಗ್ಗ, ತಂತಿಗಳ ಜೊತೆ ಹೆಣಗಿದ ಬೆರಳುಗಳು.

ಮೂರನೆಯ ದಿನ ಅವಳು ಸ್ನಾನಕ್ಕೆ ಹೋದಳು. ತಲೆಗೆ ನೀರು ಹಾಕಿಕೊಳ್ಳದೆ ಬೇಗಬೇಗ ಮುಗಿಸಿ ಬಂದರೂ ಆಗಿಹೋಗಿತ್ತು. ಕೋನು ಕಿಟಕಿ ಕಟ್ಟೆಯ ಮೇಲೆ ಓರಣವಾಗಿ ಕೂತಿದೆ. ಕೆಂಚ ಹಿಂಗಾಲ ಸಂದಿಗೆ ತಲೆ ತೂರಿಸಿ ನೆಕ್ಕುತ್ತಿದ್ದಾನೆ. ನೆಲದ ಮೇಲೆ ರಕ್ತ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಗಂಡ ಅವನ ಬೆನ್ನು ತಟ್ಟುತ್ತಾ, "ಈಗ ಹಾಯಾಯ್ತು ನೋಡಿ ಅಮ್ಮ ಇವನಿಗೆ" ಎಂದು ನಗುತ್ತಿದ್ದಾರೆ.

ಸುಕನ್ಯ ಕಿರುಚಿದಳು. "ಎಷ್ಟು ಸಲ ಹೇಳ್ಬೇಕು ನಿಮ್ಗೆ? ಸಾಯಿಸ್ಬಿಡ್ತೀರಾ ಅವನ್ನ? ಏಳಿ ಮೇಲೆ, ಏಳಿ!"

ಕಾಯಿಲೆ ಬಂದ ಮೇಲೆ ಅವಳು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಂಜನಮೂರ್ತಿ ಗೋಡೆಗೆ ಒರಗಿ ನಿಂತರು. ಎರಡೂ ಕೈ ಜೋಡಿಸಿ, "ತಪ್ಪಾಯ್ತಮ್ಮ. ಹೊಡೀಬೇಡಿ" ಎಂದರು.

ಹೊಡೆಯುವುದೆಂದರೇನು! ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಪಕ್ಕದ ಮನೆಯ ಆಂಜನಮ್ಮನನ್ನು ಕರೆದು ಅವರ ಬಳಿ ಕೂರಿಸಿ, ಕೆಂಚನನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು.

ಲೈಬಾ ಇನ್ನೊಮ್ಮೆ ಮತ್ತಿನ ಚುಚ್ಚುಮದ್ದು ಕೊಟ್ಟು, ಗಾಯ ತೊಳೆದು ಹೊಲಿದರು. "ಇನ್ನೊಂದ್ಸಲ ಬಿಚ್ಕೊಂಡ್ರೆ ಕಷ್ಟ ಆಂಟಿ. ಅಂಕಲ್‌ದು ತಪ್ಪಿಲ್ಲ, ಅವರಿಗೆ ಗೊತ್ತಾಗಲ್ಲ. ಇಬ್ರನ್ನೂ ದೂರ ಇಡಿ. ಹತ್ತೇ ದಿನ."

ಮೊದಲ ಮಹಡಿಯಲ್ಲಿ ಬಾಡಿಗೆಯವರು. ಅದರ ಮೇಲೆ ತಾರಸಿ, ನೀರಿನ ಟ್ಯಾಂಕಿನ ಪಕ್ಕ ಒಂದು ಪುಟ್ಟ ಕೋಣೆ. ಅದನ್ನು ಗುಡಿಸಿ ಕೆಂಚನನ್ನು ಅಲ್ಲಿ ಬಿಟ್ಟಳು. ದಿನಕ್ಕೆ ಏಳೆಂಟು ಸಲ ಮೆಟ್ಟಿಲು ಹತ್ತಿಳಿದು ಅವಳ ಮಂಡಿ ಊದಿಕೊಂಡಿತು. ಬಾಗಿಲು ತೆಗೆದ ಕೂಡಲೇ ಕೆಂಚ ಅವಳನ್ನು ದಾಟಿ ಮೆಟ್ಟಿಲಿನ ಕಡೆ ನೋಡುತ್ತಿದ್ದ. ಯಾರೂ ಬರುವುದಿಲ್ಲ ಎಂದು ತಿಳಿದ ಮೇಲೆ ಆಲಿಕೆಯ ತಲೆಯನ್ನು ಅವಳ ಮಡಿಲಲ್ಲಿ ಇಟ್ಟು, ಸೀರೆ ಮೂಸುತ್ತಾ ಮಲಗುತ್ತಿದ್ದ. ಗಂಡನ ವಾಸನೆ ಹುಡುಕುತ್ತಿದ್ದಾನೆ ಎಂದು ಅವಳಿಗೆ ಹೊಳೆಯಿತು. ಅವರ ಹಳೆಯ ಖಾಕಿ ಅಂಗಿಯೊಂದನ್ನು ತಂದು ಹಾಸಿದಳು. ಅದರ ಮೇಲೆ ಮಲಗಿದ ಮೇಲೆಯೇ ಅವನು ಸರಿಯಾಗಿ ಅನ್ನ ತಿಂದದ್ದು.

ಕೆಳಗೆ ಅಂಜನಮೂರ್ತಿ ಮೊದಲ ದಿನ ಕೆಂಚನ ಕೊರಳ ಪಟ್ಟಿ ಕೈಯಲ್ಲಿ ಹಿಡಿದು ಗೇಟಿನ ಬಳಿಯೇ ನಿಂತಿದ್ದರು. "ಕೆಂಚ ಎಲ್ಲಿ? ಕೆಂಚ ಎಲ್ಲಿ ಅಮ್ಮ?"

"ಡಾಕ್ಟ್ರ ಹತ್ರ ಇದಾನೆ. ನಾಳೆ ಬರ್ತಾನೆ."

ಮೇಲಿದ್ದಾನೆ ಎಂದರೆ ಮೆಟ್ಟಿಲು ಹತ್ತಿ ಹೋಗುತ್ತಾರೆ, ಆ ಬಾಗಿಲ ಚಿಲಕ ಅವರಿಗೆ ಒಂದು ಲೆಕ್ಕವೇ? ಎರಡನೆಯ ದಿನವೂ ಸಂಜೆಯವರೆಗೆ ಕೇಳಿದರು. ಮೂರನೆಯ ದಿನ ಬೆಳಿಗ್ಗೆ ಒಂದು ಸಲ ಕೇಳಿದರು. ಐದನೆಯ ದಿನ ಮೇಲಿನಿಂದ ಕೆಂಚ ಕುಂಯ್‌ಗುಟ್ಟುವುದು ಕೇಳಿಸಿತು. ಅವರು ತುತ್ತು ಎತ್ತುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ಯಾರ್ದೋ ಮನೆ ನಾಯಿ ಅಳ್ತಾ ಇದೆ. ಪಾಪ" ಎಂದು ಮತ್ತೆ ಉಣ್ಣತೊಡಗಿದರು.

ಸದ್ಯ, ಕೇಳುವುದನ್ನು ಬಿಟ್ಟರಲ್ಲ ಎಂದು ಸುಕನ್ಯಳಿಗೆ ಒಂದು ಭಾರ ಇಳಿದಂತಾಯಿತು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ತನಗೇ ಅಸಹ್ಯ. ನಾಯಿಗೆ ಗಂಡನ ಅಂಗಿ ಒಯ್ದು ಕೊಡಬೇಕೆಂದು ತೋಚಿತು. ಗಂಡನಿಗೆ ನಾಯಿಯದೊಂದು ಫೋಟೋ ತೋರಿಸಬೇಕು, ದಿನಕ್ಕೊಮ್ಮೆ ಅವನ ಹೆಸರಾದರೂ ಎತ್ತಬೇಕು ಎಂದು ಯಾಕೆ ತೋಚಲಿಲ್ಲ? ಬದಲಿಗೆ ಎಲ್ಲಿ ಮತ್ತೆ ಹುಡುಕಾಟ ಶುರುವಾಗುತ್ತದೋ ಎಂದು ಅವಳೇ ಪಟ್ಟಿಯನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದಳು.

ಹನ್ನೊಂದನೆಯ ದಿನ ಲೈಬಾ ಹೊಲಿಗೆ ಬಿಚ್ಚಿದರು. "ಚೆನ್ನಾಗಿ ಕೂಡ್ಕೊಂಡಿದೆ ಆಂಟಿ. ನೀವು ತುಂಬಾ ಚೆನ್ನಾಗಿ ನೋಡ್ಕೊಂಡ್ರಿ." ಆ ಮಾತಿಗೆ ಸುಕನ್ಯ ದಾರಿಯುದ್ದಕ್ಕೂ ಹಿಗ್ಗಿದಳು. ಭಾನುವಾರವಾದ್ದರಿಂದ ಹಂಸ ಅಪ್ಪನ ಜೊತೆ ಮನೆಯಲ್ಲಿದ್ದಳು. ಆಟೋ ನಿಲ್ಲುವ ಮೊದಲೇ ಕೆಂಚ ಜಿಗಿದು ಒಳಗೆ ಓಡಿದ, ಮುಂಗಾಲೆರಡನ್ನೂ ಅಂಜನಮೂರ್ತಿಯ ಮಡಿಲಿಗೆ ಹಾಕಿ ಮುಖ ನೆಕ್ಕಿದ.

ಅವರು ಎರಡೂ ಕೈ ಮೇಲೆತ್ತಿ ಹಿಂದಕ್ಕೆ ಸರಿದರು. "ಯಾರ ನಾಯಿ ಅಮ್ಮ ಇದು? ಕಚ್ಚುತ್ತಾ?"

"ಕೆಂಚ ರೀ" ಎಂದಳು ಸುಕನ್ಯ, ಹೊಸ್ತಿಲಲ್ಲೇ ನಿಂತು. "ನಿಮ್ಮ ಕೆಂಚ."

"ಹೂಂ ಹೂಂ" ಎಂದರು ಅವರು, ಗುರುತಿಲ್ಲದವರ ಮದುವೆಯಲ್ಲಿ ಮಾತಾಡಿಸಿದವರಿಗೆ ನಗುವ ಹಾಗೆ ನಕ್ಕು. "ಒಳ್ಳೇ ನಾಯಿ."

ನಾಳೆ ನೆನಪಾಗಬಹುದು ಎಂದುಕೊಂಡಳು. ಮರುದಿನ ಊಟದ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಂತಳು. ಅದರ ಮರುದಿನವೂ ನಿಂತಳು. ಸೊಪ್ಪಿನ ಚೀಲದ ಕಥೆಯನ್ನು ತಾನೇ ಹೇಳಿ ನೋಡಿದಳು. ಅವರು ಯಾರದೋ ಮನೆಯ ಸುದ್ದಿ ಎಂಬಂತೆ ತಲೆದೂಗಿದರು. ಕುರ್ಚಿಯ ಪಕ್ಕ ಕೆಂಚ ಮೊದಲಿನ ಹಾಗೆಯೇ ಕೂತು ಮೇಲೆ ನೋಡುತ್ತಾನೆ. ಅವರು ಎದುರಿನ ಗೋಡೆ ನೋಡುತ್ತಾರೆ. ವಾರ ಕಳೆದರೂ ಮನೆಯಲ್ಲಿ ಒಂದು ಮಾತಿಲ್ಲ. ಸುಕನ್ಯ ಈಗ ಬರ್ತಾಳೆ ಎಂದು ಹೇಳಲು ಅವರಿಗೆ ಯಾರೂ ಉಳಿದಿರಲಿಲ್ಲ.

ಮುಂದಿನ ಭಾನುವಾರ ಅಡುಗೆಮನೆಯಲ್ಲಿ ಅವಳು ಮಗಳಿಗೆ ಎಲ್ಲವನ್ನೂ ಹೇಳಿದಳು. ಮರೆಯಲ್ಲಿ ನಿಲ್ಲುತ್ತಿದ್ದದ್ದನ್ನೂ ಹೇಳಿದಳು. ಹಂಸ ಅಳುತ್ತಾ ಅಮ್ಮನ ಭುಜ ಹಿಡಿದುಕೊಂಡಳು. "ಹೆಂಗಿದ್ರೂ ಹೋಗ್ತಿತ್ತಮ್ಮ. ಇವತ್ತಲ್ಲ ನಾಳೆ. ಅಪ್ಪನ ಡಾಕ್ಟ್ರು ಹೇಳಿದ್ರಲ್ಲ."

"ಹೋಗ್ತಿತ್ತು" ಎಂದಳು ಸುಕನ್ಯ. "ನಾಳೆ ಹೋಗ್ತಿತ್ತು. ನಂಗೆ ಇವತ್ತೊಂದು ದಿನ ಇರ್ತಿತ್ತಲ್ವೇನೇ."

ಆಪರೇಷನ್ ಬಗ್ಗೆ ಹಂಸ ಹೇಳಿದ್ದಂತೂ ನಿಜವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಕೆಂಚ ಅಲೆಯುವುದನ್ನು ಬಿಟ್ಟ. ಗೇಟು ತೆರೆದಿದ್ದರೂ ಆಚೆ ಹೋಗುವುದಿಲ್ಲ. ಅಂಜನಮೂರ್ತಿಯೂ ಹೋಗುವುದಿಲ್ಲ. ಸುಕನ್ಯ ಈಗ ಹೆದರಿಕೆಯಿಲ್ಲದೆ ತಲೆಗೆ ನೀರು ಹಾಕಿಕೊಳ್ಳಬಹುದು.

ಮೊನ್ನೆ ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಾಗ ಕೆಂಚ ಅವರ ಪಾದದ ಮೇಲೆ ಗಲ್ಲ ಊರಿ ಮಲಗಿದ್ದ. ಅಂಜನಮೂರ್ತಿ ಬಹಳ ಹೊತ್ತು ಅವನನ್ನೇ ನೋಡಿದರು. ಅವಳು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿ ಕಾದಳು.

"ಈ ನಾಯಿಗೆ ಒಂಚೂರು ಏನಾದ್ರೂ ಹಾಕಿ ಕಳಿಸಿ ಅಮ್ಮ" ಎಂದರು ಅವರು. "ಎಲ್ಲಿಂದ ಬಂದಿದ್ಯೋ. ಅದರ ಮನೇವ್ರು ಕಾಯ್ತಿರ್ತಾರೆ."

"ಆಯ್ತು ರೀ" ಎಂದು ಸುಕನ್ಯ ಎದ್ದು ಒಳಗೆ ಹೋದಳು.